ಮಗಳ ಮೈನಸ್ ಪವರ್‌ಗೆ ಕಾಂಟ್ಯಾಕ್ಟ್ ಲೆನ್ಸ್: ಅಬ್ಬಿ ನೀರಿನ ಮನೆಯಲ್ಲಿ ಆದೀತೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲೂಕು, ಅಡಿಕೆ ತೋಟದ ಮನೆ. ಮಗಳಿಗೆ 9 ವರ್ಷ. ಏಳನೇ ವರ್ಷಕ್ಕೇ ಕನ್ನಡಕ ಬಂತು. ಆಗ ಎರಡೂ ಕಣ್ಣಿಗೆ ಮೈನಸ್ 1.25 ಇತ್ತು. ಈಗ ಬಲಗಣ್ಣಿಗೆ ಮೈನಸ್ 2.75, ಎಡಗಣ್ಣಿಗೆ ಮೈನಸ್ 2.50, ಜೊತೆಗೆ 0.50 ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾದ ಪವರ್). ಶಿವಮೊಗ್ಗದಲ್ಲಿ ತೋರಿಸಿದಾಗ ‘ಪವರ್ ಏರದಂತೆ ತಡೆಯುವ ಕಾಂಟ್ಯಾಕ್ಟ್ ಲೆನ್ಸ್ ಇದೆ, ಹಾಕಿಸಿ’ ಎಂದರು. ಇಷ್ಟು ಚಿಕ್ಕ ಮಗುವಿಗೆ ಹಾಕಬಹುದೇ? ಮನೆಗೆ ಬರುವುದು ಗುಡ್ಡದ ಅಬ್ಬಿ ನೀರು. ಮಳೆಗಾಲದಲ್ಲಿ ಕರೆಂಟೂ ನೆಚ್ಚುವ ಹಾಗಿಲ್ಲ. ನಮ್ಮ ಅತ್ತೆಯವರು ಬೇಡವೇ ಬೇಡ ಅನ್ನುತ್ತಿದ್ದಾರೆ.

ಉತ್ತರ: ಹಾಕಬಹುದು. 9 ವರ್ಷ ಇದಕ್ಕೆ ಚಿಕ್ಕ ವಯಸ್ಸಲ್ಲ, ಸರಿಯಾದ ವಯಸ್ಸೇ. ಆದರೆ ‘ಏರದಂತೆ ತಡೆಯುತ್ತದೆ’ ಎಂಬ ಮಾತನ್ನು ಅರ್ಧಕ್ಕೆ ಇಳಿಸಿಕೊಂಡು ಕೇಳಿ. ಈ ಲೆನ್ಸ್ ಪವರ್ ಏರುವ ವೇಗವನ್ನು ಸರಾಸರಿ ಅರ್ಧದಷ್ಟು ತಗ್ಗಿಸುತ್ತದೆ. ಪೂರ್ತಿ ನಿಲ್ಲಿಸುವುದಿಲ್ಲ, ಬಂದ ಪವರನ್ನು ಇಳಿಸುವುದೂ ಇಲ್ಲ. ನಿಮ್ಮ ಅತ್ತೆಯವರ ಭಯ ವಯಸ್ಸಿನದಾದರೆ ಅವರಿಗೆ ಧೈರ್ಯ ಹೇಳಿ. ನೀರಿನದಾದರೆ ಅವರ ಮಾತು ನೂರಕ್ಕೆ ನೂರು ಸರಿ. ನಿಮ್ಮ ಮನೆಯ ಮಟ್ಟಿಗೆ ಈ ವಿಷಯ ತೀರ್ಮಾನವಾಗಬೇಕಾದದ್ದು ಮಗುವಿನ ವಯಸ್ಸಿನ ಮೇಲಲ್ಲ, ನೀರು, ಕೈ ಮತ್ತು ದಿನಕ್ಕೆ ಎಷ್ಟು ಗಂಟೆ ಹಾಕುತ್ತಾಳೆ ಎಂಬುದರ ಮೇಲೆ.

ಲೆನ್ಸಿಗೆ ದುಡ್ಡು ಹಾಕುವ ಮುಂಚೆ ಎರಡು ಅಳತೆ ಆಗಲೇಬೇಕು.

ಮೊದಲನೆಯದು, ಕಣ್ಣಿಗೆ ಹನಿ ಬಿಟ್ಟು ಮಾಡುವ ಪವರ್ ಪರೀಕ್ಷೆ. ಮಕ್ಕಳ ಕಣ್ಣಿನ ಒಳಗಿನ ಸ್ನಾಯು ಬಹಳ ಚುರುಕು. ಹತ್ತಿರದ ವಸ್ತು ನೋಡುವಾಗ ಬಿಗಿಯುವ ಆ ಸ್ನಾಯು ಕಂಪ್ಯೂಟರ್ ಯಂತ್ರದ ಮುಂದೆ ಕೂತಾಗಲೂ ಬಿಗಿದುಕೊಂಡರೆ, ಇಲ್ಲದ ಮೈನಸ್ ಇದ್ದಂತೆ ಕಾಣುತ್ತದೆ. ಸೈಕ್ಲೋಪೆಂಟೋಲೇಟ್‌ನಂಥ ಹನಿ ಬಿಟ್ಟು, ಅರ್ಧ ಮುಕ್ಕಾಲು ಗಂಟೆ ಕಾದು, ಸ್ನಾಯು ಸಡಿಲವಾದ ಮೇಲೆ ನೋಡಿದ್ದೇ ನಿಜವಾದ ಪವರ್. ಆ ದಿನವೆಲ್ಲ ಹತ್ತಿರದ್ದು ಮಸುಕು, ಬಿಸಿಲು ಕುಕ್ಕುತ್ತದೆ, ಮಾರನೇ ದಿನಕ್ಕೆ ಸರಿಹೋಗುತ್ತದೆ. ಆದ್ದರಿಂದ ಶನಿವಾರ ಹೋಗುವುದು ಒಳ್ಳೆಯದು. ನಿಮ್ಮ ಮಗಳ ಹಳೆಯ ಚೀಟಿಗಳಲ್ಲಿ ಎಷ್ಟು ಹನಿ ಬಿಟ್ಟು ನೋಡಿದವು ಎಂದು ಕೇಳಿ ತಿಳಿದುಕೊಳ್ಳಿ. ಒಂದು ಸಲ ಹನಿ ಬಿಡದೆ, ಇನ್ನೊಂದು ಸಲ ಬಿಟ್ಟು ನೋಡಿದ್ದರೆ ಆ ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕುವಂತಿಲ್ಲ.

ಎರಡನೆಯದು ಕಣ್ಣುಗುಡ್ಡೆಯ ಉದ್ದ. ಮಕ್ಕಳಲ್ಲಿ ಮೈನಸ್ ಏರುವುದೆಂದರೆ ಬಹುಪಾಲು ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆಯುವುದು. ಸುಮಾರು 1 ಮಿ.ಮೀ. ಉದ್ದವಾದರೆ ಎರಡೂವರೆ ಪವರ್ ಏರಿದ ಹಾಗೆ. ಇದನ್ನು ಅಳೆಯಲು ಅಪರೂಪದ ಯಂತ್ರವೇನೂ ಬೇಡ. ಪೊರೆ ಆಪರೇಷನ್‌ಗೆ ಮುಂಚೆ ಒಳಗೆ ಕೂರಿಸುವ ಲೆನ್ಸಿನ ನಂಬರ್ ಲೆಕ್ಕ ಹಾಕುತ್ತಾರಲ್ಲ, ಅದೇ ಯಂತ್ರ. ಹಾಗಾಗಿ ಪೊರೆ ಆಪರೇಷನ್ ಮಾಡುವ ಕಣ್ಣಾಸ್ಪತ್ರೆಯಲ್ಲಿ ಕೇಳಿ. ಆದರೆ ಕಣ್ಣಿಗೆ ಮುಟ್ಟಿಸಿ ಅಳೆಯುವ ಅಲ್ಟ್ರಾಸೌಂಡ್ ಬೇಡ, ಬೆಳಕಿನಿಂದ ಅಳೆಯುವ ಯಂತ್ರವೇ ಆಗಬೇಕು. ಮುಟ್ಟಿಸುವುದರಲ್ಲಿ ಕೈ ಸ್ವಲ್ಪ ಒತ್ತಿದರೂ 0.1 ಮಿ.ಮೀ. ಹೆಚ್ಚುಕಡಿಮೆ ಆಗುತ್ತದೆ. ನಾವು ವರ್ಷವಿಡೀ ಹಿಡಿಯಬೇಕೆಂದಿರುವ ವ್ಯತ್ಯಾಸವೇ ಅಷ್ಟು.

ಈ ಎರಡೂ ಅಳತೆ ನಿಮ್ಮ ಚೀಟಿಯ ಲೆಕ್ಕವನ್ನೇ ಹೇಳಿದರೆ, ಎರಡು ವರ್ಷಕ್ಕೆ ಒಂದೂವರೆ, ಅಂದರೆ ವರ್ಷಕ್ಕೆ 0.75. ಇದು ವೇಗವೇ. ವಯಸ್ಸಾದಂತೆ ವೇಗ ತಾನಾಗಿ ಇಳಿಯುತ್ತದೆ. ಆದರೂ ಹೀಗೇ ಬಿಟ್ಟರೆ 16ರ ಹೊತ್ತಿಗೆ ಮೈನಸ್ 6ರ ಹತ್ತಿರ ಹೋಗುವ ಸಾಧ್ಯತೆ ಇದೆ. ವೇಗ ಅರ್ಧವಾದರೆ ನಾಲ್ಕು, ನಾಲ್ಕೂವರೆಗೆ ನಿಂತೀತು. ಇದು ಅಂದಾಜಿನ ಲೆಕ್ಕ, ಭವಿಷ್ಯ ಹೇಳಿದ್ದಲ್ಲ. ಆದರೆ ಆ ಒಂದೂವರೆ ಪವರಿನ ವ್ಯತ್ಯಾಸ ಕನ್ನಡಕದ ಗಾಜಿನ ದಪ್ಪದ ಮಾತು ಮಾತ್ರ ಅಲ್ಲ. ಮೈನಸ್ 6 ದಾಟಿದ ಕಣ್ಣಿನಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬಿಂಬ ಹಿಡಿಯುವ ಪರದೆ, ಎಳೆದಂತಾಗಿ ತೆಳ್ಳಗಾಗುತ್ತದೆ. ನಡುವಯಸ್ಸಿನಲ್ಲಿ ರೆಟಿನಾ ಕಳಚಿಕೊಳ್ಳುವುದು, ರೆಟಿನಾದ ನಡುಭಾಗ ಸವೆಯುವುದು, ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ, ಇವೆಲ್ಲ ಅಂಥವರಿಗೆ ಹೆಚ್ಚು. ಈಗ ಪಡುವ ತಾಪತ್ರಯವೆಲ್ಲ ಆ ನಡುವಯಸ್ಸಿನ ಕಣ್ಣಿಗಾಗಿ.

ಈಗ ಲೆನ್ಸಿನ ವಿಷಯ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾಂಟ್ಯಾಕ್ಟ್ ಲೆನ್ಸ್ ಪವರ್ ಏರುವುದನ್ನು ತಗ್ಗಿಸುವುದಿಲ್ಲ. ಇಲ್ಲೇ ಬಹಳ ಜನ ಮೋಸ ಹೋಗುವುದು. ಸಾಮಾನ್ಯ ಲೆನ್ಸ್ ಆಗಲಿ ಕನ್ನಡಕ ಆಗಲಿ, ನೇರ ನೋಟದ ಬಿಂಬವನ್ನು ರೆಟಿನಾದ ಮೇಲೆ ಸರಿಯಾಗಿ ಕೂರಿಸಿದರೂ ಅಂಚಿನ ಬಿಂಬ ರೆಟಿನಾದ ಹಿಂದೆ ಬೀಳಬಹುದು. ಬೆಳೆಯುವ ಕಣ್ಣು ಆ ಹಿಂದಿನ ಬಿಂಬವನ್ನು ಹಿಡಿಯಲು ಹೋಗುವಂತೆ ಉದ್ದವಾಗುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂದದ್ದು. ಪವರ್ ತಗ್ಗಿಸುವ ಲೆನ್ಸಿನಲ್ಲಿ ನಡುವೆ ಮಗುವಿನ ಪವರ್, ಅದರ ಸುತ್ತ ಕೆರೆಗೆ ಕಲ್ಲೆಸೆದಾಗ ಏಳುವ ಬಳೆಗಳ ಹಾಗೆ ಉಂಗುರಗಳಿರುತ್ತವೆ. ಒಂದು ಉಂಗುರ ಬಿಟ್ಟು ಒಂದರಲ್ಲಿ ಪ್ಲಸ್ 2.00 ಸೇರಿಸಿರುತ್ತಾರೆ. ಅದರಿಂದ ಸ್ವಲ್ಪ ಬೆಳಕು ರೆಟಿನಾದ ಮುಂದೆಯೇ ಕೂಡುತ್ತದೆ. ‘ಬೆಳೆದದ್ದು ಸಾಕು’ ಎಂಬ ಸೂಚನೆ ಕಣ್ಣಿಗೆ ಸಿಗುವುದು ಇದರಿಂದ.

ಈ ಬಗೆಯಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ಮೈಸೈಟ್ ಎಂಬ ಒಂದು ದಿನದ ಲೆನ್ಸ್. 2019ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಶುರು ಮಾಡುವಾಗ ವಯಸ್ಸು 8ರಿಂದ 12, ಪವರ್ ಮೈನಸ್ 0.75ರಿಂದ 4.00, ಸಿಲಿಂಡರ್ 0.75 ಮೀರಬಾರದು ಎಂಬ ಮಿತಿ ಇದೆ. ನಿಮ್ಮ ಮಗಳು ಮೂರಕ್ಕೂ ಹೊಂದುತ್ತಾಳೆ. ಮೂರು ವರ್ಷದ ಪರೀಕ್ಷೆಯಲ್ಲಿ ಸಾಮಾನ್ಯ ಲೆನ್ಸ್ ಹಾಕಿದ ಮಕ್ಕಳ ಕಣ್ಣು 0.62 ಮಿ.ಮೀ. ಬೆಳೆದರೆ ಇದನ್ನು ಹಾಕಿದವರದು 0.30 ಮಿ.ಮೀ. ಬೆಳೆಯಿತು. ಪವರಿನಲ್ಲಿ ಹೇಳುವುದಾದರೆ 1.24ರ ಬದಲು 0.51. ಇದು ಸರಾಸರಿ. ಕೆಲವು ಮಕ್ಕಳಿಗೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಕೆಲವರಿಗೆ ಏನೇನೂ ಹಿಡಿಯುವುದಿಲ್ಲ. ದೊಡ್ಡವರ ಚಾಳೀಸಿಗಾಗಿ ಮಾಡಿದ, ನಡುವೆ ದೂರದ ಪವರ್ ಇರುವ ಮಲ್ಟಿಫೋಕಲ್ ಲೆನ್ಸೂ ಕೆಲಸ ಮಾಡುತ್ತದೆ, ಆದರೆ ಸೇರಿಸಿದ ಪ್ಲಸ್ 2.50 ಇರಬೇಕು. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 1.50 ಸೇರಿಸಿದ ಲೆನ್ಸ್ ಅಷ್ಟು ಫಲ ಕೊಡಲಿಲ್ಲ. ಆ ಅಧ್ಯಯನದ ಲೆನ್ಸ್ ತಿಂಗಳ ಬಳಕೆಯದು. ದಿನಾ ರಾತ್ರಿ ದ್ರಾವಣದಲ್ಲಿ ತೊಳೆದು ಡಬ್ಬಿಯಲ್ಲಿ ಇಡಬೇಕು. ನಿಮ್ಮ ಮನೆಗೆ ಅದು ಬೇಡ ಎಂದು ನೇರವಾಗಿ ಹೇಳುತ್ತೇವೆ. ನಿಮಗೆ ಯಾವ ಲೆನ್ಸ್ ಹೇಳಿದ್ದಾರೆ, ಅದರ ಹೆಸರೇನು, ಒಂದು ದಿನದ್ದೋ ತಿಂಗಳದ್ದೋ, ಚೀಟಿಯಲ್ಲಿ ಬರೆಸಿಕೊಳ್ಳಿ.

ಬೇಡ ಅನ್ನುವುದಕ್ಕೆ ಕಾರಣ ನೀರು. ಅಬ್ಬಿ, ಬಾವಿ, ಟ್ಯಾಂಕು, ನಲ್ಲಿ, ಯಾವ ನೀರಿನಲ್ಲಾದರೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಆ ನೀರನ್ನು ಕುಡಿದರೆ ಈ ಜೀವಿಯಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಲೆನ್ಸಿಗೆ ಅಂಟಿಕೊಂಡು ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಇಳಿದರೆ ತಿಂಗಳುಗಟ್ಟಲೆ ಗಂಟೆಗಂಟೆಗೂ ಹನಿ ಬಿಟ್ಟರೂ ಬಗ್ಗದ ಹುಣ್ಣು ಮಾಡುತ್ತದೆ. ಕಣ್ಣು ಹೋದದ್ದೂ ಇದೆ. ಗುಡ್ಡದ ನೀರು ಕನ್ನಡಿಯಷ್ಟು ತಿಳಿ ಇದ್ದರೂ ಈ ಮಾತು ಬದಲಾಗುವುದಿಲ್ಲ. ಒಂದು ದಿನದ ಲೆನ್ಸಿನ ದೊಡ್ಡ ಗುಣವೇ ಇದು: ಬೆಳಿಗ್ಗೆ ಸೀಲು ಒಡೆದು ಹಾಕಿ, ಸಂಜೆ ತೆಗೆದು ಎಸೆಯುತ್ತೀರಿ. ಡಬ್ಬಿ ಇಲ್ಲ, ದ್ರಾವಣ ಇಲ್ಲ, ತೊಳೆಯುವುದು ಇಲ್ಲ. ನೀರು ಮುಟ್ಟುವ ದಾರಿ ಒಂದೇ ಉಳಿಯುತ್ತದೆ, ಅದು ಬೆರಳು.

ಆದ್ದರಿಂದ ಬೆರಳಿನ ವಿಷಯ ವಿವರವಾಗಿ ಹೇಳುತ್ತೇವೆ. ಸ್ನಾನ ಮುಗಿದ ಮೇಲೆ ಲೆನ್ಸ್, ಮುಂಚೆ ಅಲ್ಲ. ಎಣ್ಣೆ, ಕ್ರೀಮು ಅಂಶ ಇಲ್ಲದ ಸಾದಾ ಸೋಪಿನಲ್ಲಿ ಬೆರಳ ಸಂದಿ, ಉಗುರ ಬುಡ ಸೇರಿ 20 ಸೆಕೆಂಡ್ ತಿಕ್ಕಿ ತೊಳೆಯಲಿ. ಕೈ ತೊಳೆಯಲು ಅಬ್ಬಿ ನೀರು ನಡೆಯುತ್ತದೆ. ಕೊನೆಯ ಸಲ ಕುದಿಸಿ ಆರಿಸಿದ ನೀರು ಹುಯ್ದರೆ ಇನ್ನೂ ಒಳ್ಳೆಯದು. ಆಮೇಲೆ ಕೈ ಪೂರ್ತಿ ಒಣಗಬೇಕು, ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಮಳೆಗಾಲದಲ್ಲಿ ನಮ್ಮ ಕಡೆ ಟವೆಲ್ ಎಲ್ಲಿ ಒಣಗುತ್ತದೆ? ಒಲೆ ಮೇಲಿನ ಗಳುವಿನಲ್ಲಿ ಹಾಕಿದರೂ ಮುಗ್ಗಲು ವಾಸನೆ, ಹೊಗೆ, ನೂಲಿನ ಎಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟವೆಲ್ ಮುಟ್ಟದೆ ಪೇಪರ್ ಟಿಶ್ಯೂ ಬಳಸಿ. ಬೆರಳನ್ನು ಒತ್ತಿ ಒರೆಸಿ, ಅರ್ಧ ನಿಮಿಷ ಗಾಳಿಗೆ ಹಿಡಿದು, ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ನೋಡಲಿ. ಜಾರಿದರೆ ಇನ್ನೂ ತೇವ ಇದೆ. ಒಣ ಬೆರಳಿಗೆ ಲೆನ್ಸ್ ಅಂಟಿಕೊಳ್ಳುವುದೂ ಇಲ್ಲ, ಸಲೀಸಾಗಿ ಕಣ್ಣಿಗೆ ದಾಟುತ್ತದೆ. ಒದ್ದೆ ಬೆರಳಾದರೆ ಲೆನ್ಸ್ ಬೆರಳನ್ನೇ ಹಿಡಿದುಕೊಂಡು ಮಗು ಅಳುವಂತಾಗುತ್ತದೆ.

ಇನ್ನೊಂದು ನಮ್ಮ ಊಟದ ವಿಷಯ. ಮಧ್ಯಾಹ್ನ ಮಿಡಿ ಉಪ್ಪಿನಕಾಯಿ ಕಲಸಿದ ಬೆರಳಿನ ಖಾರ ಒಂದು ಸಲ ಸೋಪು ಹಾಕಿದರೆ ಹೋಗುವುದಿಲ್ಲ. ಸಂಜೆ ಆ ಬೆರಳಿನಲ್ಲಿ ಲೆನ್ಸ್ ತೆಗೆದರೆ ಉರಿ ತಡೆಯಲಾಗುವುದಿಲ್ಲ, ಆ ಭಯಕ್ಕೇ ಎಷ್ಟೋ ಮಕ್ಕಳು ಲೆನ್ಸ್ ಬಿಡುತ್ತಾರೆ. ಚಮಚದಲ್ಲಿ ಉಣ್ಣಲಿ, ಇಲ್ಲವೇ ಎರಡು ಸಲ ಸೋಪು ಹಾಕಿ ತೊಳೆದು ಎಡಗೈಯಿಂದ ತೆಗೆಯಲು ಕಲಿಯಲಿ.

ಹಾಕುವ ಕ್ರಮ ಹೀಗೆ. ಯಾವಾಗಲೂ ಬಲಗಣ್ಣು ಮೊದಲು, ಪವರ್ ಅದಲುಬದಲು ಆಗದಿರಲು. ಲೆನ್ಸನ್ನು ತೋರುಬೆರಳ ತುದಿಯಲ್ಲಿ ಕೂರಿಸಿ ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಬಟ್ಟಲಿನ ಹಾಗೆ ಅಂಚು ನೇರ ಮೇಲಕ್ಕಿದ್ದರೆ ಸರಿ. ತಟ್ಟೆಯ ಹಾಗೆ ಅಂಚು ಹೊರಕ್ಕೆ ಮಡಚಿದ್ದರೆ ತಿರುವುಮುರುವಾಗಿದೆ. ಇನ್ನೊಂದು ಕೈಯ ನಡುಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೂದಲ ಬುಡದಲ್ಲೇ ಎತ್ತಿ ಹಿಡಿಯಬೇಕು. ಲೆನ್ಸ್ ಇರುವ ಕೈಯ ನಡುಬೆರಳಿನಿಂದ ಕೆಳ ರೆಪ್ಪೆ ಇಳಿಸಬೇಕು. ಕನ್ನಡಿಯಲ್ಲಿ ತನ್ನ ಕಣ್ಣನ್ನೇ ನೋಡುತ್ತ ಲೆನ್ಸ್ ಮುಟ್ಟಿಸಿ, ಕೆಳಗೆ ನೋಡಿ, ರೆಪ್ಪೆಯನ್ನು ನಿಧಾನ ಬಿಡಬೇಕು. ತಟ್ಟನೆ ಬಿಟ್ಟರೆ ಗಾಳಿ ಸೇರಿ ಲೆನ್ಸ್ ಹೊರಬೀಳುತ್ತದೆ. ತೆಗೆಯುವಾಗ ಮೇಲೆ ನೋಡುತ್ತ, ಲೆನ್ಸನ್ನು ಕಣ್ಣಿನ ಬಿಳಿಭಾಗಕ್ಕೆ ಜಾರಿಸಿ, ಬೆರಳ ಮೆತ್ತೆಯಿಂದ ಹಿಸುಕಿ ತೆಗೆಯಬೇಕು. ಉಗುರು ಕತ್ತರಿಸಿರಲಿ. ಕಣ್ಣಿನ ಹಿಂದೆ ಲೆನ್ಸ್ ಹೊರಟು ಹೋಗುತ್ತದೆ ಎಂದು ಮನೆಯಲ್ಲಿ ಹೆದರಬೇಡಿ. ಅಲ್ಲಿ ದಾರಿಯೇ ಇಲ್ಲ, ರೆಪ್ಪೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿರುತ್ತದೆ ಅಷ್ಟೇ. ಲೆನ್ಸ್ ಕೆಳಗೆ ಬಿದ್ದರೆ ಎಸೆಯಿರಿ. ಎಂಜಲು ಹಚ್ಚಿ ಹಾಕಿಕೊಳ್ಳುವುದು, ನೀರಿನಲ್ಲಿ ಅದ್ದಿ ಹಾಕಿಕೊಳ್ಳುವುದು ಯಾವತ್ತೂ ಬೇಡ.

ಮೊದಲ ಹದಿನೈದು ದಿನ ನೀವೇ ಪಕ್ಕದಲ್ಲಿ ನಿಲ್ಲಿ. ಆದರೆ ತೆಗೆಯುವುದನ್ನು ಮಗು ತಾನೇ ಕಲಿಯುವವರೆಗೆ ಶಾಲೆಗೆ ಹಾಕಿ ಕಳಿಸಬೇಡಿ, ಅಲ್ಲಿ ಕಣ್ಣು ಚುಚ್ಚಿದರೆ ತೆಗೆಯುವವರು ಯಾರು? 8ರಿಂದ 12ರ ಮಕ್ಕಳಲ್ಲಿ ಲೆನ್ಸಿನ ತೊಂದರೆ ಹದಿಹರೆಯದವರಿಗಿಂತ ಕಡಿಮೆ ಎಂದು ಕಂಡುಬಂದಿದೆ. ಚಿಕ್ಕವರು ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾರೆ, ಮನೆಯವರ ಕಣ್ಣೂ ಅವರ ಮೇಲಿರುತ್ತದೆ. ಹದಿನಾಲ್ಕಕ್ಕೆ ಬಂದಾಗ ‘ಇನ್ನು ಅವಳೇ ನೋಡಿಕೊಳ್ಳುತ್ತಾಳೆ’ ಎಂದು ಕೈಬಿಡಬೇಡಿ.

ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 6 ದಿನ ಹಾಕಿದರೆ ಮಾತ್ರ ಫಲ. ಬೆಳಿಗ್ಗೆ ಏಳೂವರೆಗೆ ಹಾಕಿ ಸಂಜೆ ಆರಕ್ಕೆ ತೆಗೆದರೆ ಹತ್ತೂವರೆ ಗಂಟೆ ಆಯಿತು. ಮಳೆಗಾಲದಲ್ಲಿ ಇದೇ ಸಮಯ ಇಟ್ಟುಕೊಳ್ಳಿ, ಕತ್ತಲಾಗಿ ಕರೆಂಟು ಹೋಗುವ ಮುಂಚೆ ಜಗಲಿಯ ಬೆಳಕಿನಲ್ಲೇ ತೆಗೆದು ಮುಗಿಯುತ್ತದೆ. ರಾತ್ರಿ ಓದು ಕನ್ನಡಕದಲ್ಲಿ ಆಗಲಿ. ಈಗಿನ ಪವರಿನ ಕನ್ನಡಕ ಒಂದು ಯಾವಾಗಲೂ ಇರಬೇಕು. ಅದನ್ನು ಶಾಲೆಯ ಚೀಲದಲ್ಲೂ ಕಳಿಸಿ. ಬಸ್ಸಿನಲ್ಲಿ ನಿದ್ದೆ ಹೋಗುವ ಅಭ್ಯಾಸ ಇದ್ದರೆ ಎಚ್ಚರ. ಮುಚ್ಚಿದ ರೆಪ್ಪೆಯಡಿ ಲೆನ್ಸ್ ಒಣಗಿ ಅಂಟುತ್ತದೆ. ಹಾಗಾದಾಗ ಎಳೆಯದೆ, ಡಾಕ್ಟರು ಹೇಳಿದ ಲೂಬ್ರಿಕಂಟ್ ಹನಿ ಬಿಟ್ಟು, ಮಿಟುಕಿಸಿ, ಲೆನ್ಸ್ ಅಲುಗಾಡಲು ಶುರುವಾದ ಮೇಲೆ ತೆಗೆಯಬೇಕು.

ಲೆನ್ಸ್ ಹಾಕಲೇಬಾರದ ದಿನಗಳೂ ಇವೆ. ತುಂಗೆಯಲ್ಲಿ ಈಜುವ ದಿನ, ಹಳ್ಳದಲ್ಲಿ ಆಡುವ ದಿನ ಬೇಡ. ಜ್ವರ, ಕಣ್ಣು ಕೆಂಪು ಇದ್ದ ದಿನ ಬೇಡ. ಅಡಿಕೆ ಬೇಯಿಸುವ ಹಂಡೆಯ ಹೊಗೆಯ ಹತ್ತಿರ, ಸುಲಿಯುವ ಚಪ್ಪರದ ಧೂಳಿನಲ್ಲಿ ಕೂರುವುದಾದರೆ ಕನ್ನಡಕವೇ ಸರಿ. ಸಿಪ್ಪೆಯ ನಾರು ಲೆನ್ಸಿನಡಿ ಸಿಕ್ಕಿ ಗೀರಿದರೆ ಬೂಸ್ಟಿನ (ಫಂಗಸ್) ಸೋಂಕಿಗೆ ದಾರಿಯಾಗುತ್ತದೆ. ಬೋರ್ಡೋ ಹೊಡೆಯುವ ದಿನ ಮಗುವನ್ನು ತೋಟಕ್ಕೆ ಬಿಡಲೇಬೇಡಿ, ಅದರಲ್ಲಿ ಸುಣ್ಣ ಮತ್ತು ಮೈಲುತುತ್ತ ಎರಡೂ ಇವೆ. ಅಕಸ್ಮಾತ್ ಕಣ್ಣಿಗೆ ಸಿಡಿದರೆ ಮಾತ್ರ ನೀರಿನ ನಿಯಮವೆಲ್ಲ ಬದಿಗೆ. ಕೈಗೆ ಸಿಕ್ಕ ಶುದ್ಧ ನೀರನ್ನು ತಕ್ಷಣ ಹುಯ್ಯುತ್ತಲೇ ಲೆನ್ಸ್ ತೆಗೆದು, 20 ನಿಮಿಷವಾದರೂ ತೊಳೆದು, ಆಸ್ಪತ್ರೆಗೆ ಹೊರಡಿ.

ಮಗು ಯಾವಾಗಲೂ ಕಣ್ಣು ಉಜ್ಜುತ್ತಿದ್ದರೆ ಮೊದಲು ಅಲರ್ಜಿಗೆ ಚಿಕಿತ್ಸೆ ಆಗಲಿ, ಲೆನ್ಸ್ ಆಮೇಲೆ.

ನೋವು, ಕೆಂಪು, ಬೆಳಕು ತಡೆಯದಿರುವುದು, ಕೀವು, ಮಸುಕು, ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆಯಿರಿ. ತೆಗೆದ ಮೇಲೂ ಒಂದೆರಡು ಗಂಟೆಯಲ್ಲಿ ಸರಿಹೋಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ತೆಗೆದ ಲೆನ್ಸನ್ನು ಅದರ ಖಾಲಿ ಪೊಟ್ಟಣದಲ್ಲಿ ಜೊತೆಗೆ ಒಯ್ಯಿರಿ, ಸೋಂಕು ಯಾವುದೆಂದು ಪರೀಕ್ಷಿಸಲು ಬೇಕಾಗಬಹುದು. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಎದೆಹಾಲು, ಯಾವುದೂ ಬೇಡ. ಮೆಡಿಕಲ್ ಶಾಪಿನಲ್ಲಿ ಕೇಳಿ ಹನಿ ತರುವುದು ಅದಕ್ಕಿಂತ ಅಪಾಯ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಹುಣ್ಣು ಬೆಳೆಯುತ್ತದೆ. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗ ದೂರ, ಆಗುಂಬೆ ಮಳೆಯಲ್ಲಿ ಇನ್ನೂ ದೂರ. ಅದೇ ದಿನ ಕರೆದೊಯ್ಯಲು ಸಾಧ್ಯವೇ ಎಂದು ಶುರು ಮಾಡುವ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿ.

ಖರ್ಚಿನ ಲೆಕ್ಕ ಪೆಟ್ಟಿಗೆಯಲ್ಲಿ ಹಾಕಿ. ವಾರಕ್ಕೆ 6 ದಿನ ಅಂದರೆ ವರ್ಷಕ್ಕೆ 313 ದಿನ, ಎರಡು ಕಣ್ಣಿಗೆ 626 ಲೆನ್ಸ್. 30ರ ಪೆಟ್ಟಿಗೆಯಾದರೆ 21, ಹರಿದದ್ದು ಬಿದ್ದದ್ದು ಸೇರಿ 23. ಒಂದು ಪೆಟ್ಟಿಗೆಯ ದರ ಕೇಳಿ ಗುಣಿಸಿ, ಆ ಮೊತ್ತ ನಾಲ್ಕೈದು ವರ್ಷ ನಡೆಯುತ್ತದೆಯೇ ನೋಡಿ. ರಿಯಾಯಿತಿ ಎಂದು ವರ್ಷದ್ದನ್ನು ಒಟ್ಟಿಗೆ ತರಬೇಡಿ, ಆರು ತಿಂಗಳಿಗೆ ಪವರ್ ಬದಲಾದರೆ ಉಳಿದದ್ದು ವ್ಯರ್ಥ. ಮೂರು ಮೂರು ತಿಂಗಳದ್ದು ಸಾಕು. ದುಡ್ಡು ಬಿಗಿಯಾದಾಗ ಒಂದು ದಿನದ ಲೆನ್ಸನ್ನು ಎರಡು ದಿನ ಎಳೆಯುವ ಮನಸ್ಸಾಗುತ್ತದೆ. ಅಂಥ ಸ್ಥಿತಿ ಬರಬಹುದು ಅನಿಸಿದರೆ ಲೆನ್ಸ್ ಶುರುವೇ ಮಾಡಬೇಡಿ.

ಏಕೆಂದರೆ ಬೇರೆ ದಾರಿ ಇದೆ. ಪವರ್ ತಗ್ಗಿಸುವ ಕನ್ನಡಕದ ಗಾಜುಗಳು ಈಗ ನಮ್ಮಲ್ಲೂ ಸಿಗುತ್ತವೆ. ನಡುಭಾಗ ಸಾದಾ, ಸುತ್ತ ನೂರಾರು ಪುಟ್ಟ ಲೆನ್ಸುಗಳ ಚುಕ್ಕಿ. ಮಿಯೋಸ್ಮಾರ್ಟ್, ಸ್ಟೆಲೆಸ್ಟ್ ಎಂಬ ಹೆಸರಿನವು. ಪರೀಕ್ಷೆಗಳಲ್ಲಿ ಇವುಗಳ ಫಲವೂ ಹೆಚ್ಚುಕಡಿಮೆ ಈ ಲೆನ್ಸಿನಷ್ಟೇ, ಸೋಂಕಿನ ಭಯ ಇಲ್ಲ. ದಿನವಿಡೀ ಹಾಕಬೇಕು, ಮೂಗಿನ ಮೇಲಿಂದ ಜಾರಬಾರದು, ಅಷ್ಟೇ. ಪವರ್ ಏರುವ ವೇಗ ತಗ್ಗಿಸುವ, ಕಡಿಮೆ ಪ್ರಮಾಣದ ಅಟ್ರೋಪಿನ್ ಎಂಬ ಔಷಧದ ಹನಿ ಇನ್ನೊಂದು, ರಾತ್ರಿ ಮಲಗುವಾಗ ಒಂದೊಂದು ಹನಿ, ಡಾಕ್ಟರು ಬರೆದುಕೊಟ್ಟರೆ ಮಾತ್ರ. ರಾತ್ರಿ ಹಾಕಿ ಮಲಗುವ ಗಟ್ಟಿ ಲೆನ್ಸ್, ಆರ್ಥೋ-ಕೆ, ಕೂಡ ವೇಗ ತಗ್ಗಿಸುತ್ತದೆ. ಆದರೆ ಮುಚ್ಚಿದ ಕಣ್ಣಿನಲ್ಲಿ ರಾತ್ರಿಯಿಡೀ ಇರುವುದು, ದಿನಾ ತೊಳೆಯಬೇಕಾದದ್ದು. ಅಬ್ಬಿ ನೀರಿನ ಮನೆಗೆ ಅದನ್ನು ನಾವು ಹೇಳುವುದಿಲ್ಲ. ‘ಕಮ್ಮಿ ಪವರ್ ಕೊಟ್ಟರೆ ಏರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. 2002ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನದಲ್ಲಿ ಕಡಿಮೆ ಪವರ್ ಕೊಟ್ಟ ಮಕ್ಕಳಿಗೇ ಹೆಚ್ಚು ಏರಿತು.

ನಿಮ್ಮ ಮಗಳಿಗೆ ನಮ್ಮ ಸಲಹೆ ಇದು. ಈಗಲೇ ಮಳೆಗಾಲವಾದರೆ ವಿಶೇಷ ಗಾಜಿನ ಕನ್ನಡಕದಿಂದ ಶುರು ಮಾಡಿ. ಅವಳಿಗೇ ಲೆನ್ಸಿನ ಆಸೆ ಇದ್ದು, ಮೇಲಿನ ಕೈ ಕೆಲಸ ನಡೆಯುತ್ತದೆ ಅನಿಸಿದರೆ ನವೆಂಬರ್ ಹೊತ್ತಿಗೆ, ಟವೆಲ್ ಒಣಗುವ ಕಾಲಕ್ಕೆ, ಒಂದು ದಿನದ ಲೆನ್ಸ್ ಆರಂಭಿಸಿ. ಹಾಕಿದ ಒಂದು ವಾರಕ್ಕೆ, ತಿಂಗಳಿಗೆ, ಆಮೇಲೆ ಆರಾರು ತಿಂಗಳಿಗೆ ತೋರಿಸಬೇಕು. ಲೆನ್ಸ್ ಕಪ್ಪುಗುಡ್ಡೆಯ ನಡುವೆ ಕೂತಿದೆಯೇ ಎಂಬುದನ್ನು ಪ್ರತಿ ಸಲ ನೋಡಿಸಿ, ಪಕ್ಕಕ್ಕೆ ಸರಿದರೆ ಉಂಗುರಗಳ ಕೆಲಸ ಕೆಡುತ್ತದೆ. ಮೊದಲ ವಾರ ಅಕ್ಷರದ ಸುತ್ತ ನೆರಳು, ದೀಪದ ಸುತ್ತ ಬಳೆ ಕಾಣುವುದು ಸಹಜ. ವರ್ಷ ಕಳೆದಾಗ ಕಣ್ಣು 0.3 ಮಿ.ಮೀ.ಗಿಂತ ಹೆಚ್ಚು ಬೆಳೆದಿದ್ದರೆ ಮೊದಲು ನಿಜವಾಗಿ ಎಷ್ಟು ಗಂಟೆ ಹಾಕಿದ್ದಾಳೆ ಎಂದು ಲೆಕ್ಕ ಹಾಕಿ, ಆಮೇಲೆ ಅಟ್ರೋಪಿನ್ ಸೇರಿಸುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಈ ವಯಸ್ಸಿನ ಸಾದಾ ಕಣ್ಣೂ ವರ್ಷಕ್ಕೆ 0.1 ಮಿ.ಮೀ. ಬೆಳೆಯುತ್ತದೆ. ಅಷ್ಟಕ್ಕೆ ಗಾಬರಿ ಬೇಡ.

ಮನೆಯಲ್ಲಿ ಅವಳಿಗಿಂತ ಚಿಕ್ಕ ಮಕ್ಕಳಿದ್ದರೆ, ಕನ್ನಡಕ ಬರುವ ಮೊದಲೇ ಅವರನ್ನು ದಿನಕ್ಕೆ ಎರಡು ಗಂಟೆ ಅಂಗಳಕ್ಕೆ ಬಿಡಿ. ಹೊರಗಿನ ಬೆಳಕು ಕಣ್ಣಿನ ಉದ್ದದ ಬೆಳವಣಿಗೆಗೆ ಕಡಿವಾಣ. ಚೀನಾದ ಗ್ವಾಂಗ್‌ಝೌ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟಿದ್ದಕ್ಕೇ ಮೂರು ವರ್ಷದಲ್ಲಿ ಹೊಸದಾಗಿ ಮೈನಸ್ ಬಂದವರು ನೂರಕ್ಕೆ 39.5ರಿಂದ 30.4ಕ್ಕೆ ಇಳಿದರು. ಮೋಡ ಕವಿದ ದಿನದಲ್ಲೂ ಅಂಗಳದ ಬೆಳಕು ನಡುಮನೆಯ ಬೆಳಕಿಗಿಂತ ಹತ್ತಾರು ಪಟ್ಟು ಹೆಚ್ಚು. ಮಳೆ ಬಿಡುವು ಕೊಟ್ಟ ಅರ್ಧ ಗಂಟೆಯೂ, ಕೊಡೆ ಹಿಡಿದು ಶಾಲೆಗೆ ನಡೆಯುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಮಗಳನ್ನು ಪರೀಕ್ಷೆಗೆ ಕರೆದೊಯ್ಯುವ ಶನಿವಾರ ಆ ಮಕ್ಕಳನ್ನೂ ಕರೆದೊಯ್ದು ಒಮ್ಮೆ ಹನಿ ಬಿಟ್ಟು ತೋರಿಸಿ ಬನ್ನಿ.